ಮೇರೆ ಮೀರಿದ ಪುಸ್ತಕಗಳು: ಯಾರ ಕೈಗೆ, ಯಾವ ಮಾತಿನೊಡನೆ

ಓದುಗನ ನೆಮ್ಮದಿಯನ್ನು ಕದಡುವ, ಸಮಾಜ ಒಪ್ಪಿಕೊಂಡ ಮೇರೆಗಳನ್ನು ತಿಳಿದೂ ತಿಳಿದೂ ದಾಟುವ ಪುಸ್ತಕಗಳನ್ನು ಇನ್ನೊಬ್ಬರಿಗೆ ಓದಲು ಹೇಳುವುದು ಹೇಗೆ, ಹೇಳುವ ಮೊದಲು ಯಾವ ಮಾತನ್ನು ಆಡಿರಬೇಕು ಎಂಬ ಪ್ರಶ್ನೆ ಕನ್ನಡದಲ್ಲಿ ತಕ್ಕಷ್ಟು ಚರ್ಚೆಗೆ ಬಂದಿಲ್ಲ. ಅಶ್ಲೀಲತೆಯ ಬಗ್ಗೆ, ನಿಷೇಧದ ಬಗ್ಗೆ, ಭಾವನೆಗಳಿಗೆ ಆಗುವ ಧಕ್ಕೆಯ ಬಗ್ಗೆ ವಾಗ್ವಾದಗಳು ಬೇಕಾದಷ್ಟು ನಡೆದಿವೆ. ಆದರೆ ಅವೆಲ್ಲ ಬರೆದವರ ಹಕ್ಕು ಮತ್ತು ತಡೆಯುವವರ ಅಧಿಕಾರ ಇವೆರಡರ ನಡುವೆಯೇ ಸುತ್ತಿದ್ದು, ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುವ ಮೂರನೆಯ ವ್ಯಕ್ತಿಯನ್ನು, ಎಂದರೆ ಗ್ರಂಥಪಾಲಕರನ್ನು, ಮೇಷ್ಟ್ರನ್ನು, ಪುಸ್ತಕದಂಗಡಿಯವರನ್ನು, ಓದಿನ ಗೆಳೆಯರನ್ನು ಬಹುಮಟ್ಟಿಗೆ ಮರೆತಿವೆ. ಧೈರ್ಯದ ಓದುಗರು ಇದ್ದರೂ ಅವರಿಗೆ ದಾರಿ ತೋರುವವರು ಸಿಗದಿರುವುದು ಈ ಮರೆವಿನ ಫಲ.

ಮೈಸೂರಿನ ಹೆಬ್ಬಾಳದಂಥ ಬಡಾವಣೆಯನ್ನು ಎದುರಿಗಿಟ್ಟುಕೊಂಡರೆ ಈ ಪ್ರಶ್ನೆಯ ತೊಡಕು ಸ್ಪಷ್ಟವಾಗುತ್ತದೆ. ಕೆರೆ ಮತ್ತು ಹಳೆಯ ಊರು ಒಂದು ಕಡೆ, ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಇನ್ನೊಂದು ಕಡೆ, ದೇಶದ ನಾನಾ ಭಾಗಗಳ ತರುಣ ತರುಣಿಯರು ಬಂದು ಕಲಿಯುವ ಇನ್ಫೋಸಿಸ್‌ನ ತರಬೇತಿ ಆವರಣ ಮತ್ತೊಂದು ಕಡೆ, ಇವುಗಳ ನಡುವೆ ಹಂತ ಹಂತವಾಗಿ ಬೆಳೆದ ಮನೆಗಳ ಸಾಲು. ಇಲ್ಲಿ ಒಬ್ಬರನ್ನು ತಲ್ಲಣಗೊಳಿಸುವ ಪುಸ್ತಕ ಪಕ್ಕದ ಮನೆಯವರಿಗೆ ದಿನನಿತ್ಯದ ಅನುಭವವಾಗಿರಬಹುದು, ಮೂರನೆಯವರಿಗೆ ಬರಿಯ ಪಠ್ಯವಾಗಿ ಓದಿ ಮರೆತದ್ದಾಗಿರಬಹುದು. ಆದುದರಿಂದ ಯಾವ ಪುಸ್ತಕ ಕ್ಷೋಭೆಯನ್ನು ಉಂಟುಮಾಡುತ್ತದೆ ಎಂದು ಕೇಳುವ ಮೊದಲು, ಯಾರಲ್ಲಿ ಉಂಟುಮಾಡುತ್ತದೆ ಎಂದು ಕೇಳುವುದು ಅಗತ್ಯ.

ಇಲ್ಲಿ ಎರಡು ಪದಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಕ್ಷೋಭೆ ಎಂದರೆ ಓದುಗನೊಳಗೆ ಆಗುವ ಕದಡು. ಉಲ್ಲಂಘನೆ ಎಂದರೆ ಕೃತಿಯು ಒಂದು ಕಟ್ಟಳೆಯನ್ನು ಮೀರುವುದು. ಇವೆರಡೂ ಯಾವಾಗಲೂ ಜೊತೆಯಾಗಿ ಬರುವುದಿಲ್ಲ. ಕಟ್ಟಳೆ ಮೀರಿಯೂ ಯಾರನ್ನೂ ಅಲುಗಿಸದ ಪುಸ್ತಕಗಳು ಅನೇಕ, ಯಾವ ಕಟ್ಟಳೆಯನ್ನೂ ಮೀರದೆ ನಿದ್ದೆಗೆಡಿಸುವ ಪುಸ್ತಕಗಳೂ ಉಂಟು. ಭಾರತೀಯ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಇಂದಿನ ಚರ್ಚೆಗಳಿಗಿಂತ ಸೂಕ್ಷ್ಮವಾಗಿತ್ತು. ಆಲಂಕಾರಿಕರು ಅಶ್ಲೀಲವೆಂಬ ದೋಷವನ್ನು ಮೂರು ಬಗೆಯಾಗಿ ವಿಂಗಡಿಸಿದರು: ನಾಚಿಕೆ ಹುಟ್ಟಿಸುವ ವ್ರೀಡಾ, ಹೇಸಿಗೆ ಹುಟ್ಟಿಸುವ ಜುಗುಪ್ಸಾ, ಅಶುಭವನ್ನು ಸೂಚಿಸುವ ಅಮಂಗಲ. ಸಾವಿನ ಮಾತೂ ಅಶ್ಲೀಲದ ಪಟ್ಟಿಗೆ ಸೇರುತ್ತಿತ್ತು ಎಂಬುದು ಗಮನಾರ್ಹ, ಏಕೆಂದರೆ ಇಂದು ಆ ಪದವನ್ನು ಕಾಮಕ್ಕೆ ಮಾತ್ರ ಕಟ್ಟಿಹಾಕಲಾಗಿದೆ. ಆದರೆ ಪದದ ಮಟ್ಟದಲ್ಲಿ ದೋಷವೆನಿಸಿದ ಅದೇ ಜುಗುಪ್ಸೆ ರಸದ ಮಟ್ಟದಲ್ಲಿ ಬೀಭತ್ಸಕ್ಕೆ ಸ್ಥಾಯಿಭಾವವಾಗುತ್ತದೆ, ಎಂದರೆ ಆ ರಸದ ಬುಡದಲ್ಲಿರುವ ನೆಲೆಯ ಭಾವವಾಗುತ್ತದೆ. ಹೇಸಿಗೆಯನ್ನು ಕಾವ್ಯದಿಂದ ಹೊರಗಿಡಬೇಕೆಂದು ಹಿಂದಿನವರು ಹೇಳಲಿಲ್ಲ. ಅದು ಎಲ್ಲಿ, ಏತಕ್ಕಾಗಿ ಬಂದಿದೆ ಎಂಬ ಔಚಿತ್ಯವನ್ನು ಕೇಳಿದರು. ಪುಸ್ತಕವನ್ನು ಸೂಚಿಸುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಂದಿಗೂ ಸಿಕ್ಕಿಲ್ಲ.

ಈ ಅಳತೆಗೋಲನ್ನು ಹಿಡಿದು ಹಳಗನ್ನಡದ ಕಡೆಗೆ ತಿರುಗಿದರೆ, ಕನ್ನಡದ ಅತ್ಯಂತ ಉಗ್ರವಾದ ಪುಸ್ತಕಗಳು ಅಂಚಿನಲ್ಲಿ ಅವಿತುಕೊಂಡಿಲ್ಲ, ಪರಂಪರೆಯ ನಡುಮನೆಯಲ್ಲಿಯೇ ಕುಳಿತಿವೆ ಎಂಬುದು ಕಾಣುತ್ತದೆ. ಹತ್ತನೆಯ ಶತಮಾನದ ಆಸುಪಾಸಿನ, ಶಿವಕೋಟ್ಯಾಚಾರ್ಯನದೆಂದು ಹೇಳುವ ಗದ್ಯಕೃತಿ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ದೇಹಕ್ಕೆ ಆಗದ ಹಿಂಸೆಯಿಲ್ಲ. ಸಾಸಿವೆಯ ಕಾಳು ಒತ್ತಿದರೂ ನೋಯುವಷ್ಟು ಕೋಮಲನಾಗಿ ಬೆಳೆದ ಸುಕುಮಾರಸ್ವಾಮಿ, ಕೊನೆಯಲ್ಲಿ ಅಲುಗದೆ ಧ್ಯಾನದಲ್ಲಿ ನಿಂತಿರುವಾಗ, ಹಿಂದಿನ ಜನ್ಮದ ಹಗೆಯನ್ನು ಹೊತ್ತ ಹೆಣ್ಣುನರಿ ಮರಿಗಳೊಡನೆ ಬಂದು ಅವನ ದೇಹವನ್ನು ದಿನಗಟ್ಟಲೆ ತಿನ್ನುತ್ತದೆ. ಮುನಿಗಳು ಉಪಸರ್ಗವನ್ನು, ಎಂದರೆ ತಪಸ್ಸಿಗೆ ಒದಗುವ ವಿಪತ್ತನ್ನು, ಗೆಲ್ಲುವ ಕಥೆಯೆಂದು ಪಾಠದಲ್ಲಿ ಹೇಳಿ ಮುಗಿಸುವ ಈ ಭಾಗವನ್ನು ನಿಧಾನವಾಗಿ ಓದಿದವರಿಗೆ, ಅದರ ಶಾಂತವಾದ ಧ್ವನಿಯೇ ಭಯ ಹುಟ್ಟಿಸುತ್ತದೆ. ಕಥೆಗಾರ ಎಲ್ಲಿಯೂ ದನಿ ಏರಿಸುವುದಿಲ್ಲ, ಕಣ್ಣು ಮುಚ್ಚುವುದೂ ಇಲ್ಲ.

ಜನ್ನನ ಯಶೋಧರ ಚರಿತೆಯ ವಿಷಯ ಇನ್ನೂ ಕಠಿಣವಾದದ್ದು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ 1209ರ ಸುಮಾರಿಗೆ ರಚಿಸಿದ ಈ ಕಾವ್ಯದಲ್ಲಿ ರಾಣಿ ಅಮೃತಮತಿ ರಾತ್ರಿಯ ಹೊತ್ತು ಕೇಳಿಬಂದ ಹಾಡಿಗೆ ಮನಸೋತು, ಹಾಡಿದವನು ವಿಕಾರ ರೂಪದ ಮಾವಟಿಗ ಎಂದು ತಿಳಿದ ಮೇಲೂ ಅವನನ್ನೇ ಬಯಸುತ್ತಾಳೆ; ತಡವಾಗಿ ಬಂದಳೆಂದು ಅವನು ಹೊಡೆದರೂ ಅವನ ಕಾಲ ಬಳಿಯೇ ಉಳಿಯುತ್ತಾಳೆ. ಅದನ್ನು ಕಣ್ಣಾರೆ ಕಂಡ ದೊರೆ ಕತ್ತಿಯನ್ನು ತಡೆದುಕೊಂಡು, ಕೆಟ್ಟ ಕನಸಿನ ನೆಪ ಹೇಳಿ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಹುಂಜವನ್ನು ದೇವಿಗೆ ಬಲಿಕೊಡುತ್ತಾನೆ. ಆ ಒಂದು ಸಂಕಲ್ಪಹಿಂಸೆಗಾಗಿ, ಕೊಲ್ಲದಿದ್ದರೂ ಕೊಲ್ಲಬೇಕೆಂದು ಮನಸ್ಸು ಮಾಡಿದ ತಪ್ಪಿಗಾಗಿ, ತಾಯಿಮಗ ಇಬ್ಬರೂ ಜನ್ಮ ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೆ ತುತ್ತಾಗುತ್ತಾರೆ. ಈ ಕಾವ್ಯವನ್ನು ಹೆಣ್ಣಿನ ಚಾಂಚಲ್ಯದ ಕಥೆಯೆಂದು ಕಲಿಸುವ ರೂಢಿ ಅದಕ್ಕೆ ಮಾಡಿದ ಅನ್ಯಾಯ. ಹಾಡು ದೇಹವನ್ನು ಹೀಗೆ ಸೆಳೆಯಬಲ್ಲುದೇ, ಮನಸ್ಸಿನಲ್ಲಿ ಮಾತ್ರ ನಡೆದ ಕೊಲೆಗೆ ಲೆಕ್ಕವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಜನ್ನ ಒಂದರೊಳಗೊಂದು ಹೆಣೆದಿದ್ದಾನೆ. ಗಿರೀಶ ಕಾರ್ನಾಡರು ಹಿಟ್ಟಿನ ಹುಂಜ ನಾಟಕಕ್ಕೆ ಇದೇ ವಸ್ತುವನ್ನು ಆರಿಸಿಕೊಂಡರು. ಮೂಲದ ಭಾಷೆ ತೊಡಕೆನಿಸುವ ಓದುಗರಿಗೆ ಆ ನಾಟಕದಿಂದ ಹಿಂದಕ್ಕೆ ಜನ್ನನ ಕಡೆಗೆ ಬರುವ ದಾರಿಯನ್ನು ಧಾರಾಳವಾಗಿ ಸೂಚಿಸಬಹುದು.

ಮೈಸೂರಿನ ಸೀಮೆ ಈ ಚರಿತ್ರೆಗೆ ಕೊಟ್ಟ ಒಬ್ಬ ದೊಡ್ಡ ವ್ಯಕ್ತಿಯನ್ನು ಇಲ್ಲಿ ನೆನೆಯಬೇಕು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಗೀತ ಮತ್ತು ಸಂಸ್ಕೃತ ಕಲಿತ ಬೆಂಗಳೂರು ನಾಗರತ್ನಮ್ಮನವರು, ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯ ರಾಧಿಕಾ ಸಾಂತ್ವನವನ್ನು 1910ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಹೀಗೆ ಬರೆಯಬಹುದೇ ಎಂದು ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಆ ಕಾವ್ಯವನ್ನು ಜರೆದಿದ್ದರು. ಗಂಡುಕವಿಗಳು ಬರೆದದ್ದಕ್ಕೆ ಇಲ್ಲದ ನಾಚಿಕೆ ಇದಕ್ಕೆ ಮಾತ್ರ ಏಕೆ ಎಂಬುದು ನಾಗರತ್ನಮ್ಮನವರ ಪ್ರಶ್ನೆಯಾಗಿತ್ತು. ಬ್ರಿಟಿಷ್ ಸರ್ಕಾರ ಮರುವರ್ಷವೇ ಪುಸ್ತಕದ ಮೇಲೆ ಕ್ರಮ ಕೈಗೊಂಡಿತು, ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ಗಮನಿಸಬೇಕಾದದ್ದೇನೆಂದರೆ ನಾಗರತ್ನಮ್ಮ ಆ ಕಾವ್ಯವನ್ನು ಬರೆದವರಲ್ಲ, ದಾಟಿಸಿದವರು. ಒಂದು ಪುಸ್ತಕವನ್ನು ಶುದ್ಧಪಾಠದೊಡನೆ, ಕಾರಣ ಹೇಳುವ ಮುನ್ನುಡಿಯೊಡನೆ, ತಮ್ಮ ಹೆಸರಿನ ಹೊಣೆಯೊಡನೆ ಓದುಗರ ಮುಂದಿಟ್ಟ ಈ ಕೆಲಸವನ್ನು ಶಿಫಾರಸು ಎಂಬ ಕ್ರಿಯೆಯ ಉತ್ತಮ ಮಾದರಿಯೆಂದು ಹೇಳಬಹುದು.

ಹೊಸಗನ್ನಡದ ಉಲ್ಲಂಘನೆಗಳು ಪುರಾಣದಿಂದಲೇ ಮೊದಲಾದವು. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಆಧರಿಸಿ 1929ರಲ್ಲಿ ಬರೆದ ಅಶ್ವತ್ಥಾಮನ್ ರುದ್ರನಾಟಕದಲ್ಲಿ ಚಿರಂಜೀವಿಯೆಂದು ಪ್ರಸಿದ್ಧನಾದವನು ಸಾಯುತ್ತಾನೆ. ರಾಮಾಯಣದ ಶಂಬೂಕನ ವಧೆಯನ್ನು ತಿರುಗಿಸಿ ಬರೆದ ಕುವೆಂಪು ಅವರ ಶೂದ್ರ ತಪಸ್ವಿ 1944ರಲ್ಲಿ ಬಂದಾಗ ಮಾಸ್ತಿಯವರು ಆಕ್ಷೇಪಿಸಿದರು. ಅದೇ ಕಾಲದ ಆಚೀಚೆ ಅ.ನ. ಕೃಷ್ಣರಾಯರು ವೇಶ್ಯಾಜೀವನವನ್ನು ಕುರಿತ ನಗ್ನಸತ್ಯ, ಶನಿಸಂತಾನ, ಸಂಜೆಗತ್ತಲು ಕಾದಂಬರಿಗಳಿಗಾಗಿ ಅಶ್ಲೀಲದ ಆರೋಪ ಹೊತ್ತು, ಸಾಹಿತ್ಯ ಮತ್ತು ಕಾಮಪ್ರಚೋದನೆ ಎಂಬ ಪುಸ್ತಕವನ್ನೇ ಉತ್ತರವಾಗಿ ಕೊಟ್ಟರು. ಅನಕೃ ಅವರ ಆ ಕಾದಂಬರಿಗಳು ಇಂದಿನ ಓದುಗರನ್ನು ಅಷ್ಟಾಗಿ ಕದಡಲಾರವು. ಅವು ತಮ್ಮ ಕಾಲದ ಮೇರೆಯನ್ನು ದಾಟಿದವು, ಆ ಮೇರೆಯೇ ಅಳಿಸಿಹೋಯಿತು. ಅವುಗಳನ್ನು ಇಂದು ಚರಿತ್ರೆಗಾಗಿ ಸೂಚಿಸಬೇಕೇ ಹೊರತು ಕ್ಷೋಭೆಗಾಗಿ ಸೂಚಿಸುವುದು ಸರಿಯಾಗದು.

ಯು.ಆರ್. ಅನಂತಮೂರ್ತಿಯವರ ಸಂಸ್ಕಾರದ ಮಾತು ಬೇರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಗೆ ಹೋಗಿದ್ದಾಗ ಬರೆದು 1965ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ, ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ, ಶವಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗದೆ ಹೆಣ ಕೊಳೆಯುತ್ತಿದೆ, ಪ್ಲೇಗಿನ ಇಲಿಗಳು ಬೀಳುತ್ತಿವೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ತಡೆ ತೆರವಾದ ಮೇಲೆ ಅದೇ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಅಲ್ಲಿಂದ ಮುಂದೆ ಕಾದಂಬರಿ ತರಗತಿಗಳನ್ನು ಸೇರಿತು, ಆ ತೀರ್ಮಾನದ ಹೊಣೆ ಹೊತ್ತ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ದ್ವಂದ್ವವನ್ನು ವಿವರಿಸಿ ಎಂಬ ಪ್ರಶ್ನೆಗೆ ಉತ್ತರವಾಯಿತು. ಮೂಗಿಗೆ ಅಡರುವ ಹೆಣದ ವಾಸನೆಯನ್ನು ಟಿಪ್ಪಣಿಗಳು ತೊಳೆದುಹಾಕಿದವು. ಕನ್ನಡದ ಉಗ್ರ ಕೃತಿಗಳ ದುರ್ದೈವ ಅನೇಕ ಸಲ ನಿಷೇಧವಾಗಿರದೆ ಪಠ್ಯವಾಗುವುದೇ ಆಗಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಅಂಕಗಳಿಗಾಗಿ ಇದನ್ನು ಓದಿದವರಿಗೆ, ನಲವತ್ತರಲ್ಲಿ ಮತ್ತೆ ಓದಿ, ಈ ಸಲ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಹೇಳುವುದೇ ಒಂದು ನಿಜವಾದ ಶಿಫಾರಸು.

ಮೈಸೂರು ಜಿಲ್ಲೆಯವರೇ ಆದ ಶ್ರೀಕೃಷ್ಣ ಆಲನಹಳ್ಳಿಯವರ ಕಾಡು, 1973ರಲ್ಲಿ ಕಾರ್ನಾಡರ ನಿರ್ದೇಶನದಲ್ಲಿ ಚಿತ್ರವೂ ಆದ ಕಾದಂಬರಿ, ಎರಡು ಹಳ್ಳಿಗಳ ದ್ವೇಷವನ್ನೂ ದೊಡ್ಡವರ ಕಾಮವನ್ನೂ ಕಿಟ್ಟಿಯೆಂಬ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಮಗುವಿಗೆ ಅರ್ಥವಾಗದ್ದು ಓದುವವರಿಗೆ ಅರ್ಥವಾಗುತ್ತಿರುವುದೇ ಅಲ್ಲಿನ ಹಿಂಸೆ. ಮೈಸೂರಿನಲ್ಲಿ ಬಾಳಿದ, ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ಶರಪಂಜರವನ್ನು ಮನೆಮಂದಿಯ ಕಾದಂಬರಿಯೆಂದು ಭಾವಿಸುವುದುಂಟು. ಆದರೆ ಬಾಣಂತನದ ನಂತರದ ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನ ಒಳ್ಳೆಯ ಜನರೇ ಮತ್ತೆ ಹುಚ್ಚಿಗೆ ನೂಕುವ ಬಗೆಯನ್ನು ನೋಡಿದರೆ, ಕನ್ನಡದಲ್ಲಿ ಇದಕ್ಕಿಂತ ನಿರ್ದಯವಾದ ಪುಸ್ತಕಗಳು ಹೆಚ್ಚಿಲ್ಲ ಎನ್ನಬೇಕಾಗುತ್ತದೆ. ರಕ್ತ ಕಾಣದ ಪುಸ್ತಕವನ್ನು ಸುರಕ್ಷಿತವೆಂದು ತಿಳಿದು ಹೊಸ ಬಾಣಂತಿಯ ಕೈಗೆ ಇದನ್ನು ಕೊಡುವವರು ತಾವು ಏನು ಕೊಡುತ್ತಿದ್ದೇವೆಂದು ಯೋಚಿಸಿರುವುದಿಲ್ಲ.

ಯಾರ ಕ್ಷೋಭೆ ಎಂಬ ಪ್ರಶ್ನೆಗೆ ಈಗ ಮರಳಬಹುದು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದರು. ದನಗಳ ಮೇವಿನ ಆ ಒಂದು ಪದಕ್ಕೆ ರಾಜ್ಯದಲ್ಲಿ ಗಲಭೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಮುಂದೆ ದಲಿತ ಚಳವಳಿ ಗಟ್ಟಿಗೊಳ್ಳುವುದಕ್ಕೆ ಆ ಘಟನೆ ಒಂದು ಕಾರಣವಾಯಿತು. ಸಾಹಿತ್ಯಪ್ರಿಯರೆಂದು ಹೇಳಿಕೊಂಡ ಒಂದು ಸಮಾಜ, ಸಾಹಿತ್ಯ ಯಾರನ್ನು ಹೊರಗಿಟ್ಟಿದೆ ಎಂಬ ಮಾತನ್ನು ಸಹಿಸಲಾರದೆ ಹೋಯಿತು. ಪುಸ್ತಕದೊಳಗಿನ ಉಲ್ಲಂಘನೆಗಿಂತ ಪುಸ್ತಕಗಳ ಬಗೆಗಿನ ಒಂದು ತೀರ್ಪು ಹೆಚ್ಚು ಕ್ಷೋಭೆಯನ್ನು ಉಂಟುಮಾಡಿದ ಉದಾಹರಣೆ ಇದು.

ಅದಾದ ಹನ್ನೊಂದು ವರ್ಷಕ್ಕೆ, 1984ರಲ್ಲಿ, ದೇವನೂರ ಮಹಾದೇವರ ಕುಸುಮಬಾಲೆ ಬಂತು. ನಂಜನಗೂಡು ಸೀಮೆಯ ಆಡುನುಡಿಯಲ್ಲಿ, ಮಂಚವೂ ಮಾತಾಡುವ, ದೀಪದ ಜೋತಮ್ಮಗಳು ರಾತ್ರಿ ಸೇರಿ ಮನೆಮನೆಯ ಸುದ್ದಿ ಹೇಳಿಕೊಳ್ಳುವ ಈ ಚಿಕ್ಕ ಪುಸ್ತಕದ ಒಳಗೆ, ಮೇಲುಜಾತಿಯ ಹೆಣ್ಣನ್ನು ಕೂಡಿದ್ದಕ್ಕಾಗಿ ಕೊಲೆಯಾದ ಚೆನ್ನ ಎಂಬ ದಲಿತ ಯುವಕನ ಕಥೆಯಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯನ್ನು ಅದರ ಭಾಷೆ ಕಷ್ಟ, ತಂತ್ರ ಹೊಸದು ಎಂದು ಪರಿಚಯಿಸುವವರೇ ಹೆಚ್ಚು. ಆ ಪರಿಚಯದಲ್ಲಿ ಕೊಲೆ ಮರೆಯಾಗುತ್ತದೆ. ಜಾತಿಯ ಸುಖವನ್ನು ಉಂಡ ಮನೆಯ ಓದುಗನಿಗೆ ಈ ಪುಸ್ತಕ ತನ್ನ ಅಜ್ಜಂದಿರ ಬಗ್ಗೆ ಒಂದು ಸಾಕ್ಷಿ ನುಡಿದಂತೆ ಕೇಳಿಸಬೇಕು. ಅದೇ ಪುಸ್ತಕ ದಲಿತ ಕೇರಿಯಿಂದ ಬಂದ ಓದುಗನಿಗೆ ಹೊಸ ಆಘಾತವನ್ನು ಕೊಡದೆ ಹಳೆಯ ಗಾಯವನ್ನು ಮುಟ್ಟಬಹುದು, ಅಥವಾ ತನ್ನ ಅಜ್ಜಿಯ ಮಾತು ಅಚ್ಚಿನಲ್ಲಿ ಕಂಡ ಹಿಗ್ಗನ್ನು ಕೊಡಬಹುದು. ಆದುದರಿಂದ ಸಾಹಸಿ ಓದುಗ ಎಂಬ ಒಂದೇ ಅಚ್ಚಿನ ಮನುಷ್ಯನನ್ನು ಕಲ್ಪಿಸಿಕೊಂಡು ಪಟ್ಟಿ ಮಾಡುವ ಕ್ರಮದಲ್ಲಿ ಮೂಲದಲ್ಲಿಯೇ ದೋಷವಿದೆ. ಆಘಾತವನ್ನು ಬಯಸಿ ಹೋಗಬಲ್ಲವರು, ಅದನ್ನು ದಿನವೂ ಉಣ್ಣದವರು.

ಹೆಣ್ಣಿನ ಮತ್ತು ಒಲವಿನ ಮೇರೆಗಳ ವಿಷಯದಲ್ಲಿಯೂ ಇದೇ ಮಾತು ನಿಲ್ಲುತ್ತದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್ ಪಡೆದ ನಾದಿರಾ ಮತ್ತೆ ತನ್ನ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆಯ ಮುಂದೆ ನಿಂತು ಸಾವನ್ನು ಆರಿಸಿಕೊಳ್ಳುವ ಆ ಕಥೆ ಹೊರಗಿನವರಿಗೆ ಒಂದು ಸಮುದಾಯದ ಸುದ್ದಿಯಂತೆ ಕಂಡರೆ ಅದು ತಪ್ಪು ಓದು. ಅಲ್ಲಿ ಉಸಿರು ಕಟ್ಟಿಸುವುದು ತಂದೆಯ ಹಟ, ಅದು ಯಾವ ಮನೆಯಲ್ಲೂ ಇದೆ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಈ ಬಗೆಯ ಬರಹಕ್ಕೆ ಹೊಸ ಓದುಗರು ಬಂದಿದ್ದಾರೆ. ವಸುಧೇಂದ್ರರ ಮೋಹನಸ್ವಾಮಿ 2013ರಲ್ಲಿ ಬಂದಾಗ ಸಲಿಂಗಿಯೊಬ್ಬನ ಬದುಕು ಕನ್ನಡ ಕಥೆಯ ನಡುವೆ ನೇರವಾಗಿ ನಿಂತಿತು. ಇದನ್ನು ಮೇರೆ ಮೀರಿದ ಪುಸ್ತಕವೆಂದು ಕೊಂಡಾಡುವಾಗ ಎಚ್ಚರ ಬೇಕು, ಏಕೆಂದರೆ ಕಥಾನಾಯಕನ ದೃಷ್ಟಿಯಿಂದ ಮೀರಿದ್ದು ಏನೂ ಇಲ್ಲ. ಅವನು ಪ್ರೀತಿಸಿದ್ದಾನೆ, ಅಷ್ಟೆ.

ಹೆಬ್ಬಾಳದ ಕಾರ್ಖಾನೆ ಮತ್ತು ಕಚೇರಿಗಳಲ್ಲಿ ದುಡಿಯುವ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಪುಸ್ತಕ ಯಶವಂತ ಚಿತ್ತಾಲರ ಶಿಕಾರಿ. ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ಈ ಕಾದಂಬರಿಯ ನಾಗಪ್ಪ ಕಂಪನಿಯ ಹುದ್ದೆಯಿಂದ ಇದ್ದಕ್ಕಿದ್ದಂತೆ ಅಮಾನತಾಗಿ, ತನ್ನ ಮೇಲಿನ ಆರೋಪವೇನೆಂದು ತಿಳಿಯದೆ, ಯಾರು ಬೇಟೆಗಾರ ಯಾರು ಬೇಟೆ ಎಂಬುದನ್ನೂ ಅರಿಯದೆ ಒದ್ದಾಡುತ್ತಾನೆ. ಇದರಲ್ಲಿ ಅಶ್ಲೀಲವೆನ್ನುವಂಥದು ಏನೂ ಇಲ್ಲ, ಯಾವ ಧರ್ಮದ ಭಾವನೆಗೂ ಧಕ್ಕೆಯಿಲ್ಲ. ಆದರೂ ನೌಕರಿಯನ್ನೇ ತನ್ನ ಗುರುತೆಂದು ನಂಬಿದ ಮನುಷ್ಯನಿಗೆ ಇದು ಕೊಡುವ ತಲ್ಲಣ, ಪಿಶಾಚಿಗಳ ಕಥೆಯೊಂದು ಕೊಡಲಾರದಂಥದು.

ಕಾನೂನಿನ ಮಾತು ಇಲ್ಲಿ ಚಿಕ್ಕದು. ಇಂಗ್ಲೆಂಡಿನ 1868ರ ಹಿಕ್ಲಿನ್ ತೀರ್ಪಿನ ಅಳತೆಯನ್ನು, ಎಂದರೆ ದುರ್ಬಲ ಮನಸ್ಸಿನವರನ್ನು ಕೆಡಿಸುವ ಸಾಧ್ಯತೆಯಿದ್ದರೆ ಸಾಕು ಅಶ್ಲೀಲ ಎಂಬ ನಿಯಮವನ್ನು, ಭಾರತದ ಸುಪ್ರೀಂ ಕೋರ್ಟ್ 1964ರಲ್ಲಿ ಲೇಡಿ ಚಾಟರ್ಲೀಸ್ ಲವರ್ ಕಾದಂಬರಿಯ ಪ್ರಕರಣದಲ್ಲಿ ಬಳಸಿತು, 2014ರಲ್ಲಿ ಕೈಬಿಟ್ಟು ಸಮಕಾಲೀನ ಸಮಾಜದ ಮಾನದಂಡವನ್ನು ಒಪ್ಪಿತು. ತಮಿಳಿನ ಪೆರುಮಾಳ್ ಮುರುಗನ್ ಅವರ ಕಾದಂಬರಿಯ ವಿಷಯದಲ್ಲಿ 2016ರಲ್ಲಿ ಮದ್ರಾಸ್ ಹೈಕೋರ್ಟ್, ಒಪ್ಪದವರು ಪುಸ್ತಕವನ್ನು ಮುಚ್ಚಿಡಬಹುದು ಎಂಬ ನಿಲುವನ್ನು ತಳೆಯಿತು. ಕನ್ನಡದಲ್ಲಿ ಮಾತ್ರ, ಪೂಜ್ಯರ ಚರಿತ್ರೆಯನ್ನು ವಸ್ತುವಾಗಿಸಿಕೊಂಡ ಪಿ.ವಿ. ನಾರಾಯಣ ಅವರ ಧರ್ಮಕಾರಣ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡದ್ದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಎತ್ತಿಹಿಡಿಯಿತು. ಹೀಗೆ ಕನ್ನಡದಲ್ಲಿ ಕಾಮಕ್ಕಿಂತ ಪೂಜ್ಯರ ಚರಿತ್ರೆಯೇ ಹೆಚ್ಚು ಅಪಾಯದ ವಸ್ತುವಾಗಿದೆ. ನಂಬಿಕೆಯನ್ನು ಕದಡುವ ಪುಸ್ತಕಗಳ ವಿಷಯದಲ್ಲಿ ಒಂದು ಪ್ರಾಮಾಣಿಕತೆ ಬೇಕು: ಮೈಸೂರಿನಲ್ಲಿ ನೆಲೆಸಿದ್ದ ಎಸ್.ಎಲ್. ಭೈರಪ್ಪನವರ ಆವರಣ 2007ರಲ್ಲಿ ಎಬ್ಬಿಸಿದ ವಾಗ್ವಾದವನ್ನು ಮೆಚ್ಚಿದವರು ಶೂದ್ರ ತಪಸ್ವಿಯನ್ನೂ, ಶೂದ್ರ ತಪಸ್ವಿಯನ್ನು ಮೆಚ್ಚಿದವರು ಆವರಣವನ್ನೂ ಕೈಗೆತ್ತಿಕೊಳ್ಳದಿದ್ದರೆ, ಅವರು ಹುಡುಕುತ್ತಿರುವುದು ತಮ್ಮ ಎದುರಾಳಿಗಳ ಕ್ಷೋಭೆಯೇ ಹೊರತು ತಮ್ಮದಲ್ಲ.

ಇನ್ನು ಸೂಚಿಸುವ ಕ್ರಮದ ಮಾತು. ಎಚ್ಚರಿಕೆಯ ಮಾತು ಪುಸ್ತಕದ ಬಲವನ್ನು ಕುಗ್ಗಿಸುತ್ತದೆ ಎಂಬ ವಾದವುಂಟು. ಆದರೆ ಮಗುವಿನ ಸಾವಿದೆ, ಅತ್ಯಾಚಾರವಿದೆ, ಆತ್ಮಹತ್ಯೆಯಿದೆ ಎಂದು ಮೊದಲೇ ಹೇಳಿದರೆ ಕಥೆ ಕೆಡುವುದಿಲ್ಲ, ಭೈರಪ್ಪನವರ ಗೃಹಭಂಗ ಕಾದಂಬರಿಯಲ್ಲಿ ಪ್ಲೇಗು ಬರುತ್ತದೆಂದು ತಿಳಿದು ಓದಿದವರಿಗೂ ನಂಜಮ್ಮನ ಮನೆಯ ಸಾವುಗಳು ಹಗುರಾಗುವುದಿಲ್ಲ. ಕೆಡುವುದು ಅತಿಯಾದ ಹೊಗಳಿಕೆಯಿಂದ. ಎದೆಗಾರಿಕೆಯಿದ್ದರೆ ಓದಿ ಎಂದು ಪಂಥ ಕಟ್ಟಿ ಕೊಟ್ಟ ಪುಸ್ತಕವನ್ನು ಓದುಗ ಗೆಲ್ಲುವುದಕ್ಕಾಗಿ ಓದುತ್ತಾನೆ, ಮತ್ತು ಗೆದ್ದವನಿಗೆ ಪುಸ್ತಕ ಮುಟ್ಟಿರುವುದಿಲ್ಲ. ಅರ್ಧಕ್ಕೆ ನಿಲ್ಲಿಸುವ ಸ್ವಾತಂತ್ರ್ಯವನ್ನು ಕೊಡುವಾಗಲೇ ಸೇರಿಸಿ ಕೊಡಬೇಕು. ಜೊತೆಗೆ, ಯಾವುದರ ನಂತರ ಯಾವುದು ಎಂಬುದೂ ಮುಖ್ಯ: ಲಂಕೇಶರು ಪಾಪದ ಹೂಗಳು ಎಂದು ಕನ್ನಡಕ್ಕೆ ತಂದ ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನು, 1857ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅವುಗಳಲ್ಲಿ ಆರನ್ನು ತೆಗೆಸಿತೆಂಬ ಕುತೂಹಲಕ್ಕೆ ಮಾತ್ರ ಓದಿದರೆ ನಿರಾಶೆಯಾದೀತು, ಯಶೋಧರ ಚರಿತೆಯ ನಂತರ ಓದಿದರೆ ವಿಕಾರದಲ್ಲಿ ಚೆಲುವನ್ನು ಕಾಣುವ ಕಣ್ಣು ಹೊರಗಿನಿಂದ ಬಂದದ್ದಲ್ಲ ಎಂಬುದು ಹೊಳೆಯುತ್ತದೆ.

ಕುಸುಮಬಾಲೆಯ ಮಟ್ಟಿಗೆ ಹೆಬ್ಬಾಳದಲ್ಲಿ ಒಂದು ಅನುಕೂಲವಿದೆ. ನಂಜನಗೂಡು, ತಿ. ನರಸೀಪುರ, ಚಾಮರಾಜನಗರಗಳ ಕಡೆಯ ನುಡಿ ಮೈಸೂರಿನ ಕಾರ್ಖಾನೆಗಳಲ್ಲಿ, ಮನೆಗೆಲಸದಲ್ಲಿ, ಆಟೋ ನಿಲ್ದಾಣಗಳಲ್ಲಿ ಇಂದಿಗೂ ಜೀವಂತವಾಗಿದೆ, ಮತ್ತು ಆ ನುಡಿ ಗೊತ್ತಿಲ್ಲದವರಿಗೆ ಪುಟದ ಮೇಲೆ ಒಗಟಾಗಿ ಕಾಣುವ ಸಾಲು ಅದನ್ನಾಡುವವರ ಬಾಯಲ್ಲಿ ಒಡನೆಯೇ ಬಿಚ್ಚಿಕೊಳ್ಳುತ್ತದೆ. ಈ ಒಂದು ಪುಸ್ತಕವನ್ನು ಮೌನವಾಗಿ ಓದಲು ಕೊಡುವುದಕ್ಕಿಂತ ಅಂಥವರಿಂದ ಗಟ್ಟಿಯಾಗಿ ಓದಿಸಿ ಕೇಳುವುದು ಲೇಸು. ಆಗ ಜೋತಮ್ಮಗಳ ಮಾತಿಗೆ ನಗು ಬರುತ್ತದೆ, ನಕ್ಕು ಮುಗಿಯುವ ಮೊದಲೇ ಚೆನ್ನನ ಸುದ್ದಿ ಬರುತ್ತದೆ.